ಕಲೆಯೂ ವಿಜ್ಞಾನವೂ ಕೂಡಿದ ಕೆಲಸಕ್ಕೆ ಪದನಾಮ ಯಾವುದು?

ವೈದ್ಯಕೀಯ ಕಾಲೇಜಿನ ಮೊದಲ ವರ್ಷ ದಾಟಿದ ಯಾರಿಗೂ ‘ಗ್ರೇಸ್ ಅನಾಟಮಿ’ಯ ಹೆಸರು ಹೊಸದಲ್ಲ. 1858ರಲ್ಲಿ ಲಂಡನ್ನಿನಲ್ಲಿ ಮೊದಲು ಅಚ್ಚಾದ ಆ ಪುಸ್ತಕದ ಬರಹ ಹೆನ್ರಿ ಗ್ರೇ ಅವರದು. ಅದರ 363 ಚಿತ್ರಗಳು ಹೆನ್ರಿ ವ್ಯಾನ್‌ಡೈಕ್ ಕಾರ್ಟರ್ ಅವರವು. ಶವಗಳನ್ನು ಕೊಯ್ದು ನೋಡಿದ್ದು ಇಬ್ಬರೂ ಕೂಡಿ. ಹಾಗೆಂದು ಪುಸ್ತಕದ ಶೀರ್ಷಿಕೆ ಪುಟವೇ ಹೇಳುತ್ತದೆ. ಆದರೂ ನೂರ ಅರವತ್ತು ವರ್ಷಗಳಿಂದ ಜನರ ಬಾಯಲ್ಲಿ ಉಳಿದಿರುವುದು ಒಬ್ಬರದೇ ಹೆಸರು.

ಅದು ತಾನಾಗಿ ಆದದ್ದಲ್ಲ. ಶೀರ್ಷಿಕೆ ಪುಟದ ಕರಡಚ್ಚಿನಲ್ಲಿ ಕಾರ್ಟರ್ ಹೆಸರು ಹತ್ತಿರ ಹತ್ತಿರ ಗ್ರೇ ಹೆಸರಿನಷ್ಟೇ ದೊಡ್ಡ ಅಕ್ಷರಗಳಲ್ಲಿ ಬಂದಿತ್ತು. ಅದನ್ನು ಚಿಕ್ಕದು ಮಾಡುವಂತೆ ಗ್ರೇ ಕರಡಿನ ಮೇಲೆ ಗುರುತು ಹಾಕಿದರು. ಕಾರ್ಟರ್ ಆ ವೇಳೆಗೆ ಮುಂಬಯಿಯ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಆ ಹುದ್ದೆಯ ಹೆಸರನ್ನೂ ಹೊಡೆದುಹಾಕಲಾಯಿತು. ಉಳಿದದ್ದು ಸೇಂಟ್ ಜಾರ್ಜ್ ಆಸ್ಪತ್ರೆಯ ಹಿಂದಿನ ಡೆಮಾನ್‌ಸ್ಟ್ರೇಟರ್ ಎಂಬ ಒಂದು ಸಾಲು. ಹಣದ ಲೆಕ್ಕವೂ ಅದೇ ದಾರಿ ಹಿಡಿಯಿತು. ಗ್ರೇ ಅವರಿಗೆ ಪ್ರತಿ ಸಾವಿರ ಪ್ರತಿ ಮಾರಾಟವಾದಾಗಲೂ 150 ಪೌಂಡ್. ಕಾರ್ಟರ್ ಅವರಿಗೆ ಒಂದೇ ಸಲಕ್ಕೆ 150 ಪೌಂಡ್, ಮುಂದೆ ಏನೂ ಇಲ್ಲ.

ಕಾರ್ಟರ್ ಚಿತ್ರಕಾರರೋ ವೈದ್ಯರೋ? ತಂದೆ ಹೆನ್ರಿ ಬಾರ್ಲೋ ಕಾರ್ಟರ್ ಕಡಲಿನ ಚಿತ್ರಗಳಿಗೆ ಹೆಸರಾದವರು. ಮಗನಿಗೆ ಗೆರೆಯ ಹಿಡಿತ ಮನೆಯಲ್ಲೇ ಸಿಕ್ಕಿತು. ಮೇಲೆ ಎಂ.ಡಿ. ಪದವಿ, ಸೂಕ್ಷ್ಮದರ್ಶಕದ ಪಳಗಿಕೆ. ಇವೆರಡೂ ಒಂದೇ ಕೈಯಲ್ಲಿ ಕೂಡಿದ್ದರಿಂದ ಏನಾಯಿತೆಂಬುದನ್ನು ಆ ಪುಸ್ತಕದ ಯಾವ ಚಿತ್ರದಲ್ಲೂ ಕಾಣಬಹುದು. ಅಂದಿನ ಬಹುಪಾಲು ಪುಸ್ತಕಗಳಲ್ಲಿ ಸ್ನಾಯು, ನರ, ರಕ್ತನಾಳಗಳ ಪಕ್ಕದಲ್ಲಿ ಸಣ್ಣ ಅಂಕಿಗಳಿರುತ್ತಿದ್ದವು. ಹೆಸರು ತಿಳಿಯಲು ಪುಟದ ಕೆಳಗೋ ಬೇರೆ ಪುಟಕ್ಕೋ ಹೋಗಬೇಕಿತ್ತು. ಕಾರ್ಟರ್ ಹೆಸರುಗಳನ್ನು ಅಂಗದ ಮೇಲೆಯೇ ಬರೆದರು. ರಕ್ತನಾಳ ಬಾಗಿದರೆ ಅಕ್ಷರಗಳೂ ಅದರ ಜೊತೆ ಬಾಗುತ್ತವೆ. ಸ್ನಾಯು ಹರಡಿದ ಕಡೆ ಹೆಸರೂ ಹರಡುತ್ತದೆ. ಯಾವ ನಾಳ ಎಲ್ಲಿ ಹುಟ್ಟಿ ಎಲ್ಲಿಗೆ ಹೋಗುತ್ತದೆಂದು ತಿಳಿಯದ ಚಿತ್ರಕಾರ ಹಾಗೆ ಬರೆಯಲಾರ. ಗೆರೆ ಎಳೆಯಲು ಬಾರದ ವೈದ್ಯನಿಗೆ ಅದು ಹೊಳೆದರೂ ಮಾಡಿ ತೋರಿಸಲಾಗದು. ಆ ಒಂದು ಉಪಾಯದಿಂದ ಎಷ್ಟು ತಲೆಮಾರಿನ ವಿದ್ಯಾರ್ಥಿಗಳ ಕಷ್ಟ ಹಗುರವಾಯಿತೋ ಲೆಕ್ಕವಿಲ್ಲ.

ಗ್ರೇ 1861ರಲ್ಲಿ ಸಿಡುಬಿನಿಂದ ತೀರಿಕೊಂಡರು. ಕಾರ್ಟರ್ ಮುಂಬಯಿಯಲ್ಲಿ ಉಳಿದು ಕುಷ್ಠ, ‘ಮದುರಾ ಪಾದ’ವೆಂದು ಕರೆಯುವ ಕಾಲಿನ ರೋಗ ಮತ್ತು ಮರುಕಳಿಸುವ ಜ್ವರಗಳ ಮೇಲೆ ದಶಕಗಳ ಕಾಲ ಕೆಲಸ ಮಾಡಿದರು. 1874ರಲ್ಲಿ ಪ್ರಕಟವಾದ ಮದುರಾ ಪಾದದ ಮೇಲಿನ ಅವರ ಗ್ರಂಥ ಉಷ್ಣವಲಯದ ವೈದ್ಯಶಾಸ್ತ್ರದಲ್ಲಿ ಇಂದಿಗೂ ನೆನೆಯುವ ಕೃತಿ. ಇಷ್ಟಾದರೂ ಇಂಗ್ಲೆಂಡಿನಲ್ಲಿ ಅವರು ಗ್ರೇ ಪುಸ್ತಕಕ್ಕೆ ‘ಚಿತ್ರ ಬರೆದವರು’ ಆಗಿಯೇ ಉಳಿದರು. ಹುದ್ದೆಯ ಹೆಸರೆಂಬುದು ಬರೀ ಮರ್ಯಾದೆಯ ವಿಷಯವಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಯಾರ ಹೆಸರು ಯಾವ ಅಳತೆಯಲ್ಲಿ ಅಚ್ಚಾಗಬೇಕು, ಯಾರಿಗೆ ಎಷ್ಟು ಸಲ್ಲಬೇಕು, ಮುಂದಿನವರು ಯಾರನ್ನು ನೆನೆಯಬೇಕು ಎಂಬುದನ್ನೆಲ್ಲ ಅದು ಮೊದಲೇ ತೀರ್ಮಾನಿಸಿಬಿಡುತ್ತದೆ.

ಇನ್ನೊಂದು ಸಂಗತಿ. ‘ಸೈಂಟಿಸ್ಟ್’ ಎಂಬ ಪದವೇ ‘ಆರ್ಟಿಸ್ಟ್’ ಪದವನ್ನು ನೋಡಿ ಕಟ್ಟಿದ್ದು. 1833ರಲ್ಲಿ ಕೇಂಬ್ರಿಜ್‌ನಲ್ಲಿ ಬ್ರಿಟಿಷ್ ಅಸೋಸಿಯೇಷನ್ ಸೇರಿದಾಗ, ಪ್ರಯೋಗ ಮಾಡುವವರು ತಮ್ಮನ್ನು ತತ್ತ್ವಜ್ಞಾನಿಗಳೆಂದು ಕರೆದುಕೊಳ್ಳಬಾರದೆಂದು ಕವಿ ಕೋಲ್‌ರಿಜ್ ತಕರಾರು ತೆಗೆದರು. ಹಾಗಿದ್ದರೆ ಆರ್ಟಿಸ್ಟ್ ಎಂಬುದರ ಮಾದರಿಯಲ್ಲಿ ಸೈಂಟಿಸ್ಟ್ ಎನ್ನೋಣವೆಂದು ವಿಲಿಯಂ ಹ್ಯೂವೆಲ್ ಸೂಚಿಸಿದರು. ಮರುವರ್ಷ ಮೇರಿ ಸೋಮರ್‌ವಿಲ್ ಅವರ ಪುಸ್ತಕದ ವಿಮರ್ಶೆಯಲ್ಲಿ ಅದು ಅಚ್ಚಿಗೂ ಬಂತು. ಫ್ಯಾರಡೆಯಂಥವರಿಗೆ ಅದು ರುಚಿಸಲಿಲ್ಲ. ಇಂದು ಎರಡು ದಡಗಳಂತೆ ಕಾಣುವ ಆ ಎರಡು ಹೆಸರುಗಳು ಹುಟ್ಟಿನಲ್ಲಿ ಅಷ್ಟು ಹತ್ತಿರದವು.

ಕಾರ್ಟರ್ ಕಾಲದಲ್ಲಿ ಇಲ್ಲದಿದ್ದ ಹೆಸರನ್ನು ಅಮೆರಿಕದ ಬಾಲ್ಟಿಮೋರ್ ಒದಗಿಸಿತು. ಲೈಪ್‌ಜಿಗ್‌ನಲ್ಲಿ ಚಿತ್ರಕಲೆ ಕಲಿತ ಮ್ಯಾಕ್ಸ್ ಬ್ರೋಡೆಲ್ 1894ರಲ್ಲಿ ಜಾನ್ಸ್ ಹಾಪ್ಕಿನ್ಸ್‌ಗೆ ಬಂದರು. ಶಸ್ತ್ರವೈದ್ಯ ಹೊವಾರ್ಡ್ ಕೆಲ್ಲಿಯವರಿಗೆ ಚಿತ್ರ ಬರೆದುಕೊಡುವುದು ಕೆಲಸ. ಬ್ರೋಡೆಲ್ ಬಳಿ ವೈದ್ಯಕೀಯ ಪದವಿ ಇರಲಿಲ್ಲ. ಆದರೆ ತಿಳಿಯದ ವಸ್ತುವನ್ನು ಬರೆಯಬಾರದೆಂಬ ಹಟವಿತ್ತು. ಮೂತ್ರಪಿಂಡದ ಚಿತ್ರ ಬರೆಯಬೇಕಾದಾಗ ಅದರ ರಕ್ತನಾಳಗಳಿಗೆ ಗಟ್ಟಿಯಾಗುವ ಬಣ್ಣದ ದ್ರವ ತುಂಬಿಸಿ, ಸುತ್ತಲಿನ ಅಂಗಾಂಶ ಕರಗಿಸಿ, ಉಳಿದ ನಾಳಗಳ ಜಾಲವನ್ನು ಕೈಯಲ್ಲಿ ಹಿಡಿದು ಪರೀಕ್ಷಿಸಿದರು. ಮುಂದಿನ ಮತ್ತು ಹಿಂದಿನ ಭಾಗಗಳಿಗೆ ರಕ್ತ ಒಯ್ಯುವ ಕವಲುಗಳ ನಡುವೆ ನಾಳಗಳು ತೀರ ಕಡಿಮೆ ಇರುವ ಒಂದು ಸೀಳುದಾರಿ ಕಂಡಿತು. ಅಲ್ಲಿ ಕೊಯ್ದರೆ ರಕ್ತಸ್ರಾವ ಕಡಿಮೆ. ಕಲ್ಲು ತೆಗೆಯುವ ಶಸ್ತ್ರವೈದ್ಯರು ಇಂದಿಗೂ ಅದನ್ನು ‘ಬ್ರೋಡೆಲ್ ರೇಖೆ’ ಎನ್ನುತ್ತಾರೆ. ಚಿತ್ರ ಬರೆಯಲು ಸಂಬಳ ಪಡೆಯುತ್ತಿದ್ದವರ ಹೆಸರು ಅಂಗರಚನೆಯ ಪಠ್ಯದೊಳಗೆ ಸೇರಿದ್ದು ಹೀಗೆ.

1911ರಲ್ಲಿ ಹೆನ್ರಿ ವಾಲ್ಟರ್ಸ್ ಕೊಟ್ಟ ದತ್ತಿಯ ನೆರವಿನಿಂದ ಬ್ರೋಡೆಲ್ ಅಲ್ಲೇ ಒಂದು ವಿಭಾಗ ತೆರೆದರು. ಅಂಥದ್ದು ಜಗತ್ತಿನಲ್ಲೇ ಮೊದಲು. ‘ಆರ್ಟ್ ಆ್ಯಸ್ ಅಪ್ಲೈಡ್ ಟು ಮೆಡಿಸಿನ್’ ಎಂದು ಅದಕ್ಕೆ ಹೆಸರಿಟ್ಟರು. ಕಲೆ ಯಾವುದು, ಅದು ಯಾವ ಕೆಲಸಕ್ಕೆ ನಿಂತಿದೆ ಎಂಬುದು ಆ ಹೆಸರಿನಲ್ಲೇ ಸ್ಪಷ್ಟ. ಅಲ್ಲಿ ಕಲಿತವರು ಬೇರೆ ಬೇರೆ ಕಡೆ ಹೋಗಿ ಇದೇ ಪಾಠ ಶುರು ಮಾಡಿದರು. 1945ರಲ್ಲಿ ಈ ವೃತ್ತಿಯವರ ಸಂಘ ಹುಟ್ಟಿದಾಗ ‘ಮೆಡಿಕಲ್ ಇಲ್ಲಸ್ಟ್ರೇಟರ್’ ಎಂಬ ಪದನಾಮ ಗಟ್ಟಿಯಾಯಿತು. ಈಗ ಅದಕ್ಕೆ ಪರೀಕ್ಷೆಯಿದೆ, ಪ್ರಮಾಣಪತ್ರವಿದೆ, ಆ ಪತ್ರವನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳುವ ನಿಯಮವೂ ಇದೆ.

ಬ್ರೋಡೆಲ್ ಶಿಷ್ಯೆ ಮಾರಿಯಾ ವಿಶಾರ್ಟ್ ಕೆನಡಾದ ಟೊರಾಂಟೊದಲ್ಲಿ ಕಟ್ಟಿದ ವಿಭಾಗಕ್ಕೂ ಒಂದು ಕಾಲಕ್ಕೆ ಗುರುವಿನ ವಿಭಾಗದ ಹೆಸರೇ ಇತ್ತು. ಮುಂದೆ ಅದು ‘ಬಯೋಮೆಡಿಕಲ್ ಕಮ್ಯುನಿಕೇಷನ್ಸ್’ ಆಯಿತು. ಕಂಪ್ಯೂಟರಿನ ಮೂರು ಆಯಾಮದ ಮಾದರಿ, ಚಲನಚಿತ್ರ, ಆಟದ ತಂತ್ರಾಂಶ ಎಲ್ಲವೂ ಪಾಠದೊಳಗೆ ಬಂದ ಮೇಲೆ ಹಳೆಯ ಹೆಸರು ಇಕ್ಕಟ್ಟಾಯಿತೆಂಬ ವಾದದಲ್ಲಿ ಹುರುಳಿದೆ. ಆದರೆ ಹೊಸ ಹೆಸರಿನಲ್ಲಿ ಕಲೆ ಎಂಬ ಮಾತು ಉಳಿಯಲಿಲ್ಲ. ಬಾಲ್ಟಿಮೋರ್ ಮಾತ್ರ ಹಳೆಯ ಹೆಸರನ್ನು ಬಿಟ್ಟಿಲ್ಲ. ಎರಡರಲ್ಲಿ ಬಾಲ್ಟಿಮೋರಿನ ದಾರಿಯೇ ಮೇಲು. ಸಂವಹನ ಎಂಬುದು ಪತ್ರಕರ್ತನಿಗೂ ಶಿಕ್ಷಕನಿಗೂ ಒಪ್ಪುವ ಮಾತು. ವಿದ್ಯಾರ್ಥಿ ವರ್ಷಗಟ್ಟಲೆ ಕೂತು ಬೆರಳಿಗೆ ಹತ್ತಿಸಿಕೊಂಡ ವಿದ್ಯೆ ಯಾವುದೆಂದು ಅದು ಹೇಳುವುದಿಲ್ಲ.

ನಮ್ಮ ನೆಲದಲ್ಲಿ ಹೆಸರು ಸಿಗದವರೇ ಹೆಚ್ಚು. 1840ರ ದಶಕದಲ್ಲಿ ಸ್ಕಾಟ್ಲೆಂಡಿನ ವೈದ್ಯ ಹ್ಯೂ ಕ್ಲೆಗ್‌ಹಾರ್ನ್ ಶಿವಮೊಗ್ಗೆಯಲ್ಲಿದ್ದರು. ದಿನಕ್ಕೊಂದು ಗಿಡವನ್ನು ಗಮನವಿಟ್ಟು ನೋಡುವ ಅಭ್ಯಾಸ ಅವರದು. ನೋಡಿದ್ದನ್ನು ಬರೆಯಲು ಒಬ್ಬ ಮರಾಠಿ ಚಿತ್ರಕಾರನನ್ನು ಇಟ್ಟುಕೊಂಡಿದ್ದರು. ಮಲೆನಾಡಿನ ಗಿಡಗಳ ಆ ಚಿತ್ರಗಳು ಈಗ ಎಡಿನ್‌ಬರೋದ ರಾಯಲ್ ಬೊಟಾನಿಕ್ ಗಾರ್ಡನ್‌ನಲ್ಲಿವೆ. ಎಲೆಯ ಅಂಚು, ಹೂವಿನ ಎಸಳು, ಕಾಯಿಯ ಒಳಗು ಎಲ್ಲವೂ ಸಸ್ಯಶಾಸ್ತ್ರಕ್ಕೆ ಬೇಕಾದಂತೆ ಬರೆದ ಚಿತ್ರಗಳು. ಬರೆದವನ ಹೆಸರು ಮಾತ್ರ ದಾಖಲಾಗಿಲ್ಲ. ಅದೇ ಕ್ಲೆಗ್‌ಹಾರ್ನ್ 1856ರಲ್ಲಿ ಮದ್ರಾಸ್ ಪ್ರಾಂತ್ಯದ ಮೊದಲ ಅರಣ್ಯ ಸಂರಕ್ಷಣಾಧಿಕಾರಿಯಾದರು. ಅವರ ಪದನಾಮ ಎಲ್ಲ ಚರಿತ್ರೆಗಳಲ್ಲೂ ಇದೆ.

ಇದಕ್ಕೆ ಎದುರು ಉದಾಹರಣೆಯೂ ಅದೇ ಕಾಲದ್ದು, ಮದ್ರಾಸಿನದೇ. ಸಸ್ಯಶಾಸ್ತ್ರ ಬಲ್ಲ ಅಧಿಕಾರಿ ರಾಬರ್ಟ್ ವೈಟ್ 1838ರಿಂದ 1853ರವರೆಗೆ ದಕ್ಷಿಣ ಭಾರತದ ಗಿಡಗಳ ಎರಡು ಸಾವಿರಕ್ಕೂ ಹೆಚ್ಚು ಚಿತ್ರಫಲಕಗಳನ್ನು ಅಚ್ಚು ಹಾಕಿಸಿದರು. ಅವುಗಳ ಮೂಲಚಿತ್ರ ಬರೆದವರಲ್ಲಿ ಮುಖ್ಯರು ರಂಗಯ್ಯ ಮತ್ತು ಗೋವಿಂದು. ಫಲಕದ ಮೂಲೆಯಲ್ಲಿ ಅವರ ಹೆಸರು ಅಚ್ಚಾಗಿದೆ. ಅಷ್ಟಕ್ಕೇ ನಿಲ್ಲದೆ, ವೈಟ್ ಒಂದು ಆರ್ಕಿಡ್ ಕುಲಕ್ಕೆ ಗೋವಿಂದು ಅವರ ಹೆಸರನ್ನೇ ಇಟ್ಟರು. ‘ಗೋವಿಂದೂವಿಯಾ’ ಈಗ ಬೇರೆ ಕುಲದಲ್ಲಿ ಸೇರಿಹೋಗಿದೆ; ಆದರೂ ಸಸ್ಯನಾಮಗಳ ಪಟ್ಟಿಯಿಂದ ಅದನ್ನು ಯಾರೂ ಅಳಿಸಲಾರರು. ಚಿತ್ರ ಬರೆದವನು ಸಸ್ಯಶಾಸ್ತ್ರದ ಪಾಲುದಾರನೆಂದು ವೈಟ್ ಒಪ್ಪಿದ ರೀತಿ ಅದು. ಒಬ್ಬ ಅಧಿಕಾರಿಯ ಒಳ್ಳೆಯತನ ಗೋವಿಂದುವನ್ನು ಉಳಿಸಿತು. ಶಿವಮೊಗ್ಗೆಯ ಚಿತ್ರಕಾರನಿಗೆ ಆ ಒಳ್ಳೆಯತನವೂ ಸಿಗಲಿಲ್ಲ, ಹೆಸರು ಬರೆಯಲೇಬೇಕೆಂಬ ನಿಯಮವೂ ಇರಲಿಲ್ಲ.

ಕನ್ನಡದ ಓದುಗರಿಗೆ ಇಲ್ಲಿ ಬಿ.ಜಿ.ಎಲ್. ಸ್ವಾಮಿ ನೆನಪಾಗಬೇಕು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಸ್ಯಶಾಸ್ತ್ರದ ಪ್ರಾಧ್ಯಾಪಕರು ತಮ್ಮ ‘ಹಸುರು ಹೊನ್ನು’ ಪುಸ್ತಕಕ್ಕೆ ಗಿಡಗಳ ಚಿತ್ರಗಳನ್ನು ತಾವೇ ಬರೆದರು. 1978ರಲ್ಲಿ ಆ ಪುಸ್ತಕಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ವಿಜ್ಞಾನಿ, ಸಾಹಿತಿ, ಚಿತ್ರಕಾರ ಮೂವರೂ ಒಬ್ಬರೇ. ಅವರಿಗೆ ಪದನಾಮದ ತೊಡಕು ಬರಲಿಲ್ಲ. ಪ್ರಾಧ್ಯಾಪಕ ಎಂಬ ಹುದ್ದೆ ಉಳಿದೆಲ್ಲಕ್ಕೂ ನೆರಳು ಕೊಟ್ಟಿತು. ಫ್ರಾಂಕ್ ಮಲೀನಾ ಅವರದೂ ಹೆಚ್ಚುಕಡಿಮೆ ಇದೇ ಕಥೆ. ಅಮೆರಿಕದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ ಕಟ್ಟಿದವರಲ್ಲಿ ಒಬ್ಬರಾದ ಈ ರಾಕೆಟ್ ಎಂಜಿನಿಯರ್ ಪ್ಯಾರಿಸ್‌ನಲ್ಲಿ ನೆಲೆಸಿ ಚಲಿಸುವ ಬೆಳಕಿನ ಕಲಾಕೃತಿಗಳನ್ನು ಮಾಡಿದರು, 1968ರಲ್ಲಿ ‘ಲಿಯೊನಾರ್ಡೊ’ ಪತ್ರಿಕೆಯನ್ನು ಆರಂಭಿಸಿದರು. ತಮ್ಮ ಕೆಲಸ ತಾವೇ ನೋಡಿಕೊಳ್ಳುವವರು ತಮ್ಮನ್ನು ಏನೆಂದು ಕರೆದುಕೊಂಡರೂ ಆದೀತು. ಕಷ್ಟ ಬರುವುದು ಸಂಬಳದ ಹುದ್ದೆಗೆ ಅರ್ಜಿ ಹಾಕುವವರಿಗೆ, ಕಡತದಲ್ಲಿ ಒಂದು ಖಾನೆ ತುಂಬಬೇಕಾದವರಿಗೆ.

ಆ ಕಷ್ಟ ಎಲ್ಲಕ್ಕಿಂತ ತೀವ್ರವಾಗಿ ಕಾಣುವುದು ಹಳೆಯ ಚಿತ್ರಗಳನ್ನು ಕಾಪಾಡುವವರ ಕೆಲಸದಲ್ಲಿ. ಅಜಂತೆಯ ಕಥೆ ಅದಕ್ಕೆ ಸಾಕ್ಷಿ. ಹೈದರಾಬಾದಿನ ನಿಜಾಮ ಸರ್ಕಾರ 1920ರ ಸುಮಾರಿಗೆ ಇಟಲಿಯಿಂದ ಲೊರೆಂಜೊ ಚೆಕೋನಿ ಮತ್ತು ಅವರ ಸಹಾಯಕರನ್ನು ಕರೆಸಿತು. ಉದುರುತ್ತಿದ್ದ ಬಣ್ಣದ ಪದರಗಳನ್ನು ಗೋಡೆಗೆ ಮತ್ತೆ ಅಂಟಿಸಿ ನಿಲ್ಲಿಸಿದ್ದು ಅವರ ದೊಡ್ಡ ಉಪಕಾರ. ಆದರೆ ಮೇಲೆ ಬಳಿದ ಅರಗಿನ ವಾರ್ನಿಷ್ ವರ್ಷಗಳು ಕಳೆದಂತೆ ಹಳದಿಗಟ್ಟಿ ಕಂದಾಯಿತು, ಚಿತ್ರಗಳ ಮೇಲೆ ಮಬ್ಬು ಕವಿಯಿತು. ಆಮೇಲೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಸಾಯನಜ್ಞರು ದಶಕಗಳ ಕಾಲ ಆ ಪದರವನ್ನು ಅಂಗುಲ ಅಂಗುಲವಾಗಿ ತೆಗೆಯಬೇಕಾಯಿತು. ಅಂದಿಗೆ ಯುರೋಪಿನಲ್ಲಿ ಒಪ್ಪಿತವಾಗಿದ್ದ ವಿಧಾನವನ್ನೇ ಚೆಕೋನಿ ಅನುಸರಿಸಿದ್ದರು. ಅಜಂತೆಯ ಕಲ್ಲಿನ ಮೇಲಿನ ಮಣ್ಣಿನ ಗಾರೆ, ಮಳೆಗಾಲದ ತೇವ, ಬಾವಲಿಗಳ ಕಾಟ, ಅರಗಿನ ರಸಾಯನ ಇವೆಲ್ಲ ಕೂಡಿದರೆ ಐವತ್ತು ವರ್ಷದಲ್ಲಿ ಏನಾದೀತೆಂದು ಹೇಳುವ ಹೊಣೆ ಯಾರ ಹುದ್ದೆಗೂ ಅಂಟಿರಲಿಲ್ಲ.

ಪುರಾತತ್ವ ಇಲಾಖೆ 1917ರಲ್ಲಿಯೇ ಮೊಹಮ್ಮದ್ ಸನಾಉಲ್ಲಾ ಅವರನ್ನು ‘ಆರ್ಕಿಯಲಾಜಿಕಲ್ ಕೆಮಿಸ್ಟ್’ ಎಂದು ನೇಮಿಸಿಕೊಂಡಿತ್ತು. ಪುರಾತತ್ವ ರಸಾಯನಜ್ಞ ಎಂಬ ಆ ಪದನಾಮ ಇಲಾಖೆಯಲ್ಲಿ ಇಂದಿಗೂ ನಡೆಯುತ್ತಿದೆ. ವಿಜ್ಞಾನಕ್ಕೆ ಅದರಿಂದ ಜಾಗ ಸಿಕ್ಕಿತು. ಆದರೆ ಆ ಹೆಸರಿನ ಹುದ್ದೆಗೆ ಸಹಜವಾಗಿ ಬರುವವರು ರಸಾಯನಶಾಸ್ತ್ರದ ಪದವೀಧರರು; ಬಣ್ಣ, ಗೆರೆ, ಶೈಲಿ ಗುರುತಿಸುವ ಕಣ್ಣನ್ನು ಕೆಲಸ ಮಾಡುತ್ತಲೇ ಪಡೆಯಬೇಕು. ಚಿತ್ರಕಲೆ ಓದಿದವರಿಗೆ ಆ ಬಾಗಿಲು ತೆರೆಯುವುದು ಕಷ್ಟ.

ಈ ಕೆಲಸ ಒಳಗೆ ಹೇಗಿರುತ್ತದೆಂಬುದನ್ನು ಹತ್ತಿರದಿಂದ ನೋಡಬೇಕು. ಗೋಡೆಯ ಚಿತ್ರದ ಒಂದು ಮೂಲೆಯಲ್ಲಿ ಅಂಚೆಚೀಟಿಯಷ್ಟು ಜಾಗ ಆರಿಸಿ, ಕಡ್ಡಿಗೆ ಸುತ್ತಿದ ಹತ್ತಿಯಲ್ಲಿ ದ್ರಾವಕ ಅದ್ದಿ ಉರುಳಿಸುತ್ತಾರೆ. ಹತ್ತಿಗೆ ಮಸಿ ಮಾತ್ರ ಹತ್ತಿತೋ, ಬಣ್ಣವೂ ಬಂತೋ ನೋಡುತ್ತಾರೆ. ಬಣ್ಣ ಬಂದರೆ ಅಲ್ಲಿಗೇ ನಿಲ್ಲಿಸಿ ದ್ರಾವಕ ಬದಲಿಸುತ್ತಾರೆ. ಅತಿನೇರಳೆ ಬೆಳಕು ಹಿಡಿದರೆ ಹಿಂದಿನವರು ತಿದ್ದಿದ ಜಾಗ ಬೇರೆಯಾಗಿ ಕಾಣುತ್ತದೆ. ಬಣ್ಣ ಪೂರ್ತಿ ಉದುರಿಹೋದ ಕಡೆ ಏನು ಮಾಡಬೇಕೆಂಬುದು ಎಲ್ಲಕ್ಕಿಂತ ಬಿಗಿಯಾದ ಪ್ರಶ್ನೆ. ರೋಮಿನ ಕೇಂದ್ರ ಕಲಾ ಪುನರುದ್ಧಾರ ಸಂಸ್ಥೆಯಲ್ಲಿ ಚೆಸರೆ ಬ್ರಾಂಡಿ ಮತ್ತು ಅವರ ಸಂಗಡಿಗರು 1940ರ ದಶಕದಲ್ಲಿ ಇದಕ್ಕೊಂದು ದಾರಿ ಕಂಡರು. ಹೋದ ಜಾಗವನ್ನು ಜಲವರ್ಣದ ಸಣ್ಣ ಸಣ್ಣ ಲಂಬಗೆರೆಗಳಿಂದ ತುಂಬುವುದು. ನಾಲ್ಕು ಹೆಜ್ಜೆ ದೂರ ನಿಂತರೆ ಗೆರೆಗಳು ಕೂಡಿ ಚಿತ್ರ ಇಡಿಯಾಗಿ ಕಾಣುತ್ತದೆ. ಹತ್ತಿರ ಬಂದರೆ ಇದು ಹೊಸದೆಂದು ಯಾರಿಗೂ ಗೊತ್ತಾಗುತ್ತದೆ. ಬಣ್ಣ ಹೊಂದಿಸುವ ಕೈ ಚಿತ್ರಕಾರನದು. ಬೇಡವೆಂದಾಗ ನೀರಿನಿಂದ ತೆಗೆಯಬಹುದಾದ ಬಣ್ಣವನ್ನೇ ಆರಿಸುವ ಬುದ್ಧಿ ರಸಾಯನಜ್ಞನದು. ತನ್ನ ಕೈಚಳಕವನ್ನು ತೋರಿಸದೆ ಹಿಂದೆ ಸರಿಯುವ ಸಂಯಮ ಮೂರನೆಯದು, ಅದನ್ನು ಯಾವ ಪದವಿಯೂ ಕೊಡುವುದಿಲ್ಲ.

ಈ ವೃತ್ತಿಯವರು ತಮ್ಮ ಹೆಸರನ್ನು ತಾವೇ ಕೂತು ತೀರ್ಮಾನಿಸಿದರು. ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ಮಂಡಳಿಯ ಸಂರಕ್ಷಣಾ ಸಮಿತಿ 1984ರಲ್ಲಿ ಕೋಪನ್‌ಹೇಗನ್ನಿನಲ್ಲಿ ಸೇರಿ ‘ಕನ್ಸರ್ವೇಟರ್-ರೆಸ್ಟೋರರ್’ ಎಂಬ ಜೋಡಿ ಪದನಾಮಕ್ಕೆ ಒಪ್ಪಿಗೆ ಕೊಟ್ಟಿತು. ಜೋಡಿ ಯಾಕೆಂದರೆ ಇಂಗ್ಲಿಷಿನವರಿಗೆ ಮೊದಲನೆಯದು ರೂಢಿ, ಇಟಲಿ-ಫ್ರಾನ್ಸಿನವರಿಗೆ ಎರಡನೆಯದು; ಫ್ರೆಂಚಿನಲ್ಲಿ ಮೊದಲನೆಯ ಪದಕ್ಕೆ ವಸ್ತುಸಂಗ್ರಹಾಲಯದ ಮೇಲ್ವಿಚಾರಕನೆಂದು ಅರ್ಥ. ಹೆಸರಿಗಿಂತ ಮುಖ್ಯವಾದದ್ದು ಅದರ ಕೆಳಗೆ ಬರೆದ ವಿವರಣೆ. ಈ ಹುದ್ದೆಯವರು ಹೊಸ ಕಲಾಕೃತಿ ಸೃಷ್ಟಿಸುವುದಿಲ್ಲ, ಅದೇ ಕಲಾವಿದ ಮತ್ತು ಕುಶಲಕರ್ಮಿಯಿಂದ ಇವರನ್ನು ಬೇರೆ ಮಾಡುವ ಗೆರೆ ಎಂದು ಅಲ್ಲಿ ಖಚಿತವಾಗಿ ಹೇಳಿದೆ. 2008ರಲ್ಲಿ ಇದೇ ಸಮಿತಿ ದೆಹಲಿಯಲ್ಲಿ ಸೇರಿದಾಗ ಕೆಲಸದ ಮೂರು ಬಗೆಗಳನ್ನು ಗುರುತಿಸಿತು. ಹಾಳಾಗದಂತೆ ಮೊದಲೇ ತಡೆಯುವುದು, ಹಾಳಾಗುತ್ತಿರುವುದನ್ನು ನಿಲ್ಲಿಸುವುದು, ಹಾಳಾದದ್ದನ್ನು ನೋಡುವವರಿಗೆ ತಿಳಿಯುವಂತೆ ಸರಿಪಡಿಸುವುದು. ಮೂರಕ್ಕೂ ಸೇರಿ ಸಂರಕ್ಷಣೆ ಎಂಬ ಒಂದೇ ಹೆಸರು.

ಇದರಲ್ಲೊಂದು ಪಾಠವಿದೆ. ಕೋಪನ್‌ಹೇಗನ್ನಿನಲ್ಲಿ ಸೇರಿದವರು ಇವರು ಎಷ್ಟು ಪಾಲು ಕಲಾವಿದರು, ಎಷ್ಟು ಪಾಲು ವಿಜ್ಞಾನಿಗಳು ಎಂಬ ಚರ್ಚೆಗೆ ಹೋಗಲಿಲ್ಲ. ಯಾವುದಕ್ಕೆ ಹೊಣೆ ಎಂದು ಕೇಳಿದರು. ಎರಡು ಪದವಿಗಳನ್ನು ಗಂಟು ಹಾಕಿ ‘ಕಲಾವಿದ-ಕಮ್-ತಂತ್ರಜ್ಞ’ ಎಂದು ಬರೆಯುವ ನಮ್ಮ ಕಚೇರಿಗಳ ಅಭ್ಯಾಸಕ್ಕೆ ಇಲ್ಲೇ ಉತ್ತರವಿದೆ. ಅಂಥ ಹೆಸರು ಅಭ್ಯರ್ಥಿ ಏನು ಓದಿದ್ದಾನೆಂದು ಹೇಳುತ್ತದೆ. ಕೆಲಸ ಕೆಟ್ಟರೆ ಯಾರು ಉತ್ತರ ಕೊಡಬೇಕು, ಚೆನ್ನಾದರೆ ಯಾರ ಹೆಸರು ವರದಿಯಲ್ಲಿ ಬರಬೇಕು ಎಂಬುದನ್ನು ಹೇಳುವುದಿಲ್ಲ. ನಮ್ಮ ವೈದ್ಯಕೀಯ ಕಾಲೇಜುಗಳಲ್ಲಿ ‘ಆರ್ಟಿಸ್ಟ್’, ‘ಮಾಡೆಲರ್’ ಎಂಬ ಹುದ್ದೆಗಳು ಬಹುಕಾಲದಿಂದ ಇವೆ. ವಸ್ತುಸಂಗ್ರಹಾಲಯದ ಗಾಜಿನ ಕಪಾಟುಗಳಲ್ಲಿರುವ ಮೇಣದ, ಪ್ಲಾಸ್ಟರಿನ ಮಾದರಿಗಳನ್ನು ಮಾಡಿದವರು ಆ ಹುದ್ದೆಯವರು. ಅಂಗದ ರಚನೆ ಅವರಿಗೆ ಕರತಲಾಮಲಕ. ಆದರೂ ಅವರು ಬೋಧಕ ವರ್ಗದ ಹೊರಗೆ.

ಕನ್ನಡದಲ್ಲಿ ಈ ಹುದ್ದೆಗಳಿಗೆ ಹೆಸರು ಆರಿಸುವಾಗ ಒಂದು ಸಣ್ಣ ತೊಡಕಿದೆ. ‘ಸಂರಕ್ಷಣಾಧಿಕಾರಿ’ ಎಂದೊಡನೆ ಜನರಿಗೆ ಕಾಡು ನೆನಪಾಗುತ್ತದೆ, ಖಾಕಿ ಉಡುಪು ನೆನಪಾಗುತ್ತದೆ. ಕ್ಲೆಗ್‌ಹಾರ್ನ್ ಕಾಲದಿಂದ ಆ ಪದ ಅರಣ್ಯ ಇಲಾಖೆಯ ಸ್ವತ್ತು. ಆದ್ದರಿಂದ ಯಾವ ವಸ್ತುವನ್ನು ಕಾಪಾಡುತ್ತಾರೋ ಅದನ್ನು ಮುಂದಿಟ್ಟು ಹೇಳುವುದೇ ಸರಿ. ಭಿತ್ತಿಚಿತ್ರ ಸಂರಕ್ಷಕ, ಹಸ್ತಪ್ರತಿ ಸಂರಕ್ಷಕ, ಲೋಹಶಿಲ್ಪ ಸಂರಕ್ಷಕ. ಹಾಗೆಯೇ ಬರೆಯುವವರಿಗೆ ಸಸ್ಯ ಚಿತ್ರಕಾರ, ವೈದ್ಯಕೀಯ ಚಿತ್ರಕಾರ. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆ ನೋಡಲು ಬಂದ ಶಾಲೆಯ ಹುಡುಗಿಗೂ ‘ಭಿತ್ತಿಚಿತ್ರ ಸಂರಕ್ಷಕಿ’ ಎಂದರೆ ಏನು ಮಾಡುವವರೆಂದು ಬಿಡಿಸಿ ಹೇಳಬೇಕಿಲ್ಲ. ಮುಂದೆ ತಾನೂ ಆಗಬಹುದೆಂದು ಅವಳಿಗೆ ಅನ್ನಿಸಲೂಬಹುದು. ‘ಕ್ರಿಯೇಟಿವ್ ಟೆಕ್ನಾಲಜಿಸ್ಟ್’ ಎಂಬಂಥ ಇಂದಿನ ಕಂಪನಿಗಳ ಪದನಾಮಗಳಿಂದ ಆ ಲಾಭವಿಲ್ಲ. ಅವು ಎಲ್ಲಿಗೂ ಹೊಂದುತ್ತವೆ, ಯಾವುದನ್ನೂ ಗೊತ್ತುಮಾಡುವುದಿಲ್ಲ.

ಲಖನೌದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಶಾಖೆ ಮೈಸೂರಿನಲ್ಲಿದೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಆವರಣದಲ್ಲಿ ಇಂಟ್ಯಾಕ್ ಸಂಸ್ಥೆಯ ಕಲಾ ಸಂರಕ್ಷಣಾ ಕೇಂದ್ರ ಕೆಲಸ ಮಾಡಿದೆ. ತಾಳೆಗರಿ, ಭಿತ್ತಿಚಿತ್ರ, ತೈಲಚಿತ್ರಗಳ ದೊಡ್ಡ ಆಸ್ತಿ ಇರುವ ಈ ರಾಜ್ಯದಲ್ಲಿ ಕೈಗಳು ಬೇಕಾಗಿವೆ, ಕಲಿಯಲು ಜಾಗಗಳೂ ಇವೆ. ಸರ್ಕಾರ, ವಿಶ್ವವಿದ್ಯಾಲಯ, ಮಠ-ಸಂಸ್ಥೆಗಳು ಇಂಥ ಹುದ್ದೆಗೆ ವೃಂದ ಮತ್ತು ನೇಮಕಾತಿ ನಿಯಮ ಬರೆಯುವಾಗ ಮೂರು ಕೆಲಸ ಮಾಡಲಿ. ಚಿತ್ರಕಲೆಯಿಂದ ಬಂದವರಿಗೂ ವಿಜ್ಞಾನದಿಂದ ಬಂದವರಿಗೂ ಒಂದೇ ಹುದ್ದೆಗೆ ದಾರಿ ತೆರೆದು, ಇಬ್ಬರಿಗೂ ಇಲ್ಲದ ಅರ್ಧವನ್ನು ಕಲಿಸಲಿ. ಪದನಾಮದ ಕೆಳಗೆ ಹೊಣೆಯನ್ನು ಎರಡು ವಾಕ್ಯದಲ್ಲಿ ಬರೆಯಲಿ. ಅಚ್ಚಾಗುವ ಪ್ರತಿ ಚಿತ್ರದ ಅಡಿಯಲ್ಲಿ, ಪ್ರತಿ ಸಂರಕ್ಷಣಾ ವರದಿಯ ಮೊದಲ ಪುಟದಲ್ಲಿ ಕೆಲಸ ಮಾಡಿದವರ ಹೆಸರು ಮತ್ತು ಪದನಾಮ ಕಡ್ಡಾಯವಾಗಿ ಬರಲಿ, ಉಳಿದವರ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ. ನಿಯಮದ ಕರಡು ಅಂತಿಮವಾಗುವ ಮೊದಲು ಅದನ್ನು ಆ ಕೆಲಸವನ್ನು ಈಗಾಗಲೇ ಮಾಡುತ್ತಿರುವವರ ಮುಂದಿಟ್ಟು ಅಭಿಪ್ರಾಯ ಕೇಳಬೇಕೆಂದು ಸಂಬಂಧಪಟ್ಟವರೆಲ್ಲರಲ್ಲಿ ವಿನಂತಿ.